ಮಲ್ಟಿಪ್ಲೈಯರ್ ರೀಲ್ ಕೊಳ್ಳುವ ಮುನ್ನ: ದೂರದ ಲೆಕ್ಕ, ಸಿಕ್ಕಿನ ಲೆಕ್ಕ

ಪ್ರಶ್ನೆ: ಆರು ವರ್ಷಗಳಿಂದ ಕಡಲ ದಡದಲ್ಲಿ ನಿಂತು ಗಾಳ ಹಾಕುತ್ತಿದ್ದೇನೆ. 12 ಅಡಿಯ ರಾಡ್, 6000 ಗಾತ್ರದ ಸ್ಪಿನ್ನಿಂಗ್ ರೀಲ್, 0.35 ಮಿ.ಮೀ. ನೈಲಾನ್ ಲೈನ್, 120ರಿಂದ 150 ಗ್ರಾಂ ಸೀಸ ಬಳಸುತ್ತೇನೆ. ಎಸೆತ 80-90 ಮೀಟರ್ ದಾಟುವುದಿಲ್ಲ. ಮಲ್ಟಿಪ್ಲೈಯರ್ (ಎಸೆಯುವಾಗ ಸ್ಪೂಲೇ, ಅಂದರೆ ಲೈನ್ ಸುತ್ತಿದ ಉರುಳೆಯೇ, ತಿರುಗುವ ರೀಲ್) ತೆಗೆದುಕೊಂಡರೆ 30 ಮೀಟರ್ ಸಲೀಸಾಗಿ ಹೆಚ್ಚುತ್ತದೆ ಎನ್ನುತ್ತಾರೆ ಒಬ್ಬ ಗೆಳೆಯರು. ಅದನ್ನು ಕೊಂಡರೆ ಲೈನಿನ ಸಿಕ್ಕು ಬಿಡಿಸುವುದೇ ಕೆಲಸ, ಅದರ ಸಹವಾಸ ಬೇಡ ಅನ್ನುತ್ತಾರೆ ಇನ್ನೊಬ್ಬರು. ದೋಣಿಯಲ್ಲಿ ಬಳಸಿದ ಲಿವರ್ ಡ್ರ್ಯಾಗ್ ರೀಲ್ (ಮೀನು ಎಳೆದಾಗ ಲೈನ್ ಬಿಡುವ ಬಿಗಿ, ಅಂದರೆ ಡ್ರ್ಯಾಗ್, ಸನ್ನೆಯಿಂದ ಬದಲಿಸುವಂಥದ್ದು) ಒಂದು ಅರ್ಧ ಬೆಲೆಗೆ ಸಿಗುತ್ತಿದೆ. ಅದನ್ನೇ ತೆಗೆದುಕೊಳ್ಳಲೇ? ಮ್ಯಾಗ್ನೆಟ್ ಬ್ರೇಕ್ ಒಳ್ಳೆಯದೋ, ಸೆಂಟ್ರಿಫ್ಯೂಗಲ್ ಒಳ್ಳೆಯದೋ? ಲೆವೆಲ್ ವೈಂಡ್ ಬೇಕೇ? ಇನ್ನೊಂದು ತೊಡಕೆಂದರೆ, ನನಗೆ ಎಡಗೈಯಲ್ಲಿ ಹ್ಯಾಂಡಲ್ ತಿರುಗಿಸಿ ಅಭ್ಯಾಸ.

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ದೂರ ಹೆಚ್ಚುತ್ತದೆಯೇ ಎಂಬುದು ಒಂದು, ಸಿಕ್ಕು ತಪ್ಪಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ: ನಿಮ್ಮ ಗೆಳೆಯರು ಹೇಳಿದಷ್ಟಲ್ಲ. ಎರಡನೆಯದಕ್ಕೆ: ತಪ್ಪಿಸಬಹುದು, ಆದರೆ ಅದು ಯಾವ ರೀಲ್ ಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ.

ದೂರದ ಮಾತು ಮೊದಲು ಮುಗಿಸೋಣ. ಮೈದಾನದಲ್ಲಿ, ಎರೆಯಿಲ್ಲದೆ, ಬರೀ ಸೀಸ ಎಸೆಯುವ ಸ್ಪರ್ಧೆಗಳಲ್ಲಿ ಮಲ್ಟಿಪ್ಲೈಯರ್‌ಗಳು 250 ಮೀಟರ್ ದಾಟಿಸಿರುವುದು ನಿಜ. ಆ ಎಸೆತದ ಹಿಂದೆ ವರ್ಷಗಳ ಅಭ್ಯಾಸ, ಅದಕ್ಕೆಂದೇ ಮಾಡಿದ ರಾಡ್, ತೆಳು ಲೈನ್ ಎಲ್ಲವೂ ಇರುತ್ತವೆ. ದಡದಲ್ಲಿ ಕೊಕ್ಕೆಗೆ ಎರೆ ಕಟ್ಟಿದ ಕ್ಷಣದಿಂದ ಲೆಕ್ಕ ಬೇರೆ. ಗಾಳಿಯಲ್ಲಿ ಬಡಿದಾಡುತ್ತ ಹೋಗುವ ಎರೆ ಸೀಸವನ್ನು ಹಿಂದಕ್ಕೆ ಎಳೆಯುತ್ತದೆ. ರೀಲ್ ಯಾವುದೇ ಇರಲಿ, ಮೀಟರ್‌ಗಳನ್ನು ತಿನ್ನುವುದು ಮುಖ್ಯವಾಗಿ ಅದೇ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಈಗಿರುವ ರೀಲ್‌ನಲ್ಲೇ ಮೂರು ಕೆಲಸ ಮಾಡಿ ನೋಡಿ. ಎರೆಯ ಕೊಕ್ಕೆಯನ್ನು ಬೈಟ್ ಕ್ಲಿಪ್‌ಗೆ ಸಿಕ್ಕಿಸಿ, ಎರೆ ಸೀಸದ ಬೆನ್ನಿಗೇ ಅಂಟಿಕೊಂಡು ಹಾರುವಂತೆ ಮಾಡಿ. 0.35ರ ಬದಲು 0.28 ಅಥವಾ 0.30 ಮಿ.ಮೀ. ಲೈನ್ ಹಾಕಿ, ಮುಂದೆ ಶಾಕ್ ಲೀಡರ್, ಅಂದರೆ ಎಸೆತದ ಜಗ್ಗು ತಡೆಯುವ ದಪ್ಪ ಲೈನಿನ ತುಂಡು, ಕಟ್ಟಿ. ಸ್ಪೂಲಿನ ಅಂಚಿಗೆ 1-2 ಮಿ.ಮೀ. ಉಳಿಯುವವರೆಗೆ ಲೈನ್ ತುಂಬಿಸಿ. ಅರೆತುಂಬಿದ ಸ್ಪಿನ್ನಿಂಗ್ ಸ್ಪೂಲ್‌ನಲ್ಲಿ ಲೈನ್ ಅಂಚಿಗೆ ಉಜ್ಜಿಕೊಂಡೇ ಹೊರಡುತ್ತದೆ. ನೀವು ಬಯಸುವ ಮೀಟರ್‌ಗಳಲ್ಲಿ ದೊಡ್ಡ ಪಾಲು ಇಲ್ಲೇ ಸಿಗಬಹುದು.

ಹಾಗಾದರೆ ಮಲ್ಟಿಪ್ಲೈಯರ್ ಯಾಕೆ? ಭಾರದ ಸೀಸವನ್ನು ಹೆಬ್ಬೆರಳ ಹಿಡಿತದಲ್ಲಿ ಎಸೆಯಬಹುದು, ದಪ್ಪ ಲೈನ್ ಹಾಕಿದರೂ ಹೆಚ್ಚು ದೂರ ಕಳೆದುಕೊಳ್ಳದೆ ಹೋಗುತ್ತದೆ, ಬಂಡೆಯ ನಡುವಿನಿಂದ ದೊಡ್ಡ ಮೀನನ್ನು ನೇರ ಬಲದಲ್ಲಿ ಎಳೆಯಬಹುದು. ಇವು ನಿಮಗೆ ಬೇಕಿದ್ದರೆ ಕೊಳ್ಳಿ. 80 ಗ್ರಾಂಗಿಂತ ಹಗುರ ಸೀಸ ಎಸೆಯುವುದೇ ಹೆಚ್ಚಾಗಿದ್ದರೆ ಬೇಡ. ತಿರುಗುವ ಸ್ಪೂಲನ್ನು ಎಳೆದುಕೊಂಡು ಹೋಗುವ ಶಕ್ತಿ ಅಷ್ಟು ಹಗುರ ಸೀಸಕ್ಕೆ ಸಾಲದು.

ಸಿಕ್ಕು ಆಗುವುದು ಯಾಕೆ

ನಿಮ್ಮ ಈಗಿನ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ ಕುಳಿತಲ್ಲೇ ಇರುತ್ತದೆ, ಲೈನ್ ಅದರ ಬಾಯಿಂದ ಸುರುಳಿ ಬಿಚ್ಚಿ ಜಾರುತ್ತದೆ. ಮಲ್ಟಿಪ್ಲೈಯರ್‌ನಲ್ಲಿ ಗಾಳಿಪಟದ ಉರುಳೆಯ ಹಾಗೆ ಸ್ಪೂಲೇ ತಿರುಗುತ್ತದೆ. ಎಷ್ಟು ವೇಗ ಅಂದರೆ, ಲೈನ್ ತುಂಬಿದ ಸ್ಪೂಲಿನ ವ್ಯಾಸ 40 ಮಿ.ಮೀ. ಎಂದಿಟ್ಟುಕೊಳ್ಳಿ, ಒಂದು ಸುತ್ತಿಗೆ ಸುಮಾರು 12.5 ಸೆಂ.ಮೀ. ಲೈನ್ ಬಿಡುತ್ತದೆ. ಸೀಸ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಹೊರಟರೆ ಸ್ಪೂಲ್ ನಿಮಿಷಕ್ಕೆ ಸುಮಾರು 19,000 ಸುತ್ತು ತಿರುಗಬೇಕು. ಕೈ ಬಿಟ್ಟ ಮರುಕ್ಷಣದಿಂದಲೇ ಗಾಳಿಯ ತಡೆಗೆ ಸೀಸ ನಿಧಾನವಾಗತೊಡಗುತ್ತದೆ. ಸ್ಪೂಲಿಗೆ ಆ ಸುದ್ದಿ ಮುಟ್ಟುವುದಿಲ್ಲ. ಅದು ತನ್ನ ವೇಗದಲ್ಲೇ ತಿರುಗಿ, ಹೊರಗೆ ಹೋಗುವುದಕ್ಕಿಂತ ಹೆಚ್ಚು ಲೈನ್ ಸಡಿಲಿಸುತ್ತದೆ. ಆ ಹೆಚ್ಚುವರಿ ಲೈನ್ ಒಳಗೇ ಉಬ್ಬಿ, ಸುತ್ತಿಕೊಂಡು ಸಿಕ್ಕಾಗುತ್ತದೆ. ಬ್ಯಾಕ್‌ಲ್ಯಾಶ್ ಎನ್ನುವುದು ಇದನ್ನೇ.

ಸಿಕ್ಕು ಎಲ್ಲಿ ಆಯಿತು ಎಂದು ನೋಡಿದರೆ ಕಾರಣ ಗೊತ್ತಾಗುತ್ತದೆ. ಕೈ ಬಿಟ್ಟ ತಕ್ಷಣ, ಮೊದಲ ಹತ್ತಿಪ್ಪತ್ತು ಮೀಟರ್‌ನೊಳಗೇ ಗಂಟು ಬಿದ್ದರೆ ನೀವು ರಾಡನ್ನು ಝಾಡಿಸಿ ಎಳೆದಿದ್ದೀರಿ, ಇಲ್ಲವೇ ಬ್ರೇಕ್ ತೀರ ಕಡಿಮೆ. ನಡುದಾರಿಯಲ್ಲಿ ಆದರೆ ಎದುರು ಗಾಳಿ, ದೊಡ್ಡ ಎರೆ, ಅಥವಾ ತುಂಬ ಎತ್ತರಕ್ಕೆ ಹೋದ ಸೀಸ. ಕೊನೆಯಲ್ಲಿ, ಸೀಸ ನೀರಿಗೆ ಬಿದ್ದ ಮೇಲೆ ಆದರೆ ಹೆಬ್ಬೆರಳು ತಡವಾಗಿ ಬಂತು ಎಂದರ್ಥ, ರೀಲ್‌ನದ್ದೇನೂ ತಪ್ಪಿಲ್ಲ.

ಕೊಳ್ಳುವವರು ಹಲವರು ಅಂಗಡಿಯಲ್ಲಿ ಸ್ಪೂಲನ್ನು ಬೆರಳಲ್ಲಿ ತಿರುಗಿಸಿ, ಎಷ್ಟು ಹೊತ್ತು ತಿರುಗುತ್ತದೆ ಎಂದು ಎಣಿಸಿ ರೀಲ್ ಆರಿಸುತ್ತಾರೆ. ಈ ಪರೀಕ್ಷೆ ತಲೆಕೆಳಗು. ತುಂಬ ಹೊತ್ತು ತಿರುಗುವ ಸ್ಪೂಲ್ ಅಂದರೆ ನಿಮ್ಮ ಮಾತು ಕೇಳದ ಸ್ಪೂಲ್. ಹೊಸಬರಿಗೆ ಬೇಕಾದದ್ದು ಹಗುರವಾಗಿದ್ದು ಬೇಗ ವೇಗ ಹಿಡಿಯುವ, ಬೇಗ ವೇಗ ಬಿಡುವ, ಬ್ರೇಕಿಗೆ ಬಗ್ಗುವ ಸ್ಪೂಲ್.

ಮ್ಯಾಗ್ನೆಟ್ ಮತ್ತು ಸೆಂಟ್ರಿಫ್ಯೂಗಲ್

ಸೆಂಟ್ರಿಫ್ಯೂಗಲ್ ಬ್ರೇಕ್‌ನಲ್ಲಿ ಸ್ಪೂಲಿನ ಪಕ್ಕದ ಸಣ್ಣ ಕಡ್ಡಿಗಳ ಮೇಲೆ ಪುಟ್ಟ ಪ್ಲಾಸ್ಟಿಕ್ ತುಣುಕುಗಳಿರುತ್ತವೆ. ಸ್ಪೂಲ್ ತಿರುಗಿದಾಗ ಅವು ಹೊರಕ್ಕೆ ಸರಿದು ಬಳೆಯಂಥ ಗೋಡೆಗೆ ಉಜ್ಜುತ್ತವೆ. ಆ ಒತ್ತಡ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಹಾಗಾಗಿ ಎಸೆತದ ಶುರುವಿನಲ್ಲಿ, ಅಪಾಯ ಹೆಚ್ಚಿರುವಾಗ, ಗಟ್ಟಿಯಾಗಿ ಹಿಡಿದು ವೇಗ ಇಳಿದಂತೆ ಬಿಟ್ಟುಬಿಡುತ್ತದೆ. ದೂರಕ್ಕೆ ಇದು ಒಳ್ಳೆಯದು. ತೊಂದರೆ ಇಷ್ಟೇ: ಹಲವು ರೀಲ್‌ಗಳಲ್ಲಿ ಬ್ರೇಕ್ ಬದಲಿಸಲು ಪಕ್ಕದ ತಟ್ಟೆ ಬಿಚ್ಚಬೇಕು. ಮರಳು ಹಾರುವ ದಡದಲ್ಲಿ, ಕತ್ತಲಲ್ಲಿ, ಅಕ್ಕಿಕಾಳಿನಷ್ಟು ತುಣುಕು ಕೈತಪ್ಪಿದರೆ ಮತ್ತೆ ಸಿಕ್ಕಲಿಕ್ಕಿಲ್ಲ. ತುಣುಕು ತೆಗೆಯುವುದಿದ್ದರೆ ಎದುರುಬದುರಿನ ಜೋಡಿಯನ್ನೇ ತೆಗೆಯಿರಿ, ಒಂದನ್ನೇ ತೆಗೆದರೆ ಸ್ಪೂಲ್ ಅದುರುತ್ತದೆ.

ಮ್ಯಾಗ್ನೆಟ್ ಬ್ರೇಕ್ ಸ್ಪೂಲನ್ನು ಮುಟ್ಟುವುದೇ ಇಲ್ಲ. ಅಯಸ್ಕಾಂತದ ಎದುರು ಅಲ್ಯೂಮಿನಿಯಂ ತಿರುಗಿದಾಗ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿ ತಿರುಗಾಟವನ್ನೇ ತಡೆಯುತ್ತದೆ. ಈ ತಡೆ ಹೆಚ್ಚುಕಡಿಮೆ ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ ಎಸೆತದ ಕೊನೆಯವರೆಗೂ ಸ್ವಲ್ಪ ಹಿಡಿದೇ ಇರುತ್ತದೆ. ಅದಕ್ಕೆ ಕೆಲವು ಮೀಟರ್ ಬೆಲೆ ತೆರಬೇಕು. ಆದರೆ ಹೊರಗಿನ ಗುಂಡಿಯನ್ನು ಒಂದೆರಡು ಮೆಟ್ಟಿಲು ತಿರುಗಿಸಿದರೆ ಬ್ರೇಕ್ ಬದಲಾಗುತ್ತದೆ. ಗಾಳಿ ಎದ್ದಿತೇ, ಎರಡು ಮೆಟ್ಟಿಲು ಏರಿಸಿ, ತಣ್ಣಗಾಯಿತೇ, ಇಳಿಸಿ. ಪಕ್ಕಾ ಪ್ಲಾಸ್ಟಿಕ್ ಸ್ಪೂಲ್‌ನಲ್ಲಿ ಇದು ಕೆಲಸ ಮಾಡುವುದಿಲ್ಲ ಎಂಬುದು ನೆನಪಿರಲಿ, ವಿದ್ಯುತ್ ಹರಿಯಲು ಲೋಹ ಬೇಕು.

ನಿಮಗೆ ನನ್ನ ಸಲಹೆ ಹೊರಗುಂಡಿಯ ಮ್ಯಾಗ್ನೆಟ್. ಸ್ಪರ್ಧೆಯವರು ಸೆಂಟ್ರಿಫ್ಯೂಗಲ್ ಮೆಚ್ಚುತ್ತಾರೆ ಎಂಬ ಮಾತು ಕಿವಿಗೆ ಬಿದ್ದರೂ ಹಾಕಿಕೊಳ್ಳಬೇಡಿ. ಎರಡೂ ಸೇರಿರುವ ರೀಲ್‌ಗಳೂ ಇವೆ, ಸಿಕ್ಕರೆ ಒಳ್ಳೆಯದೇ.

ಪಕ್ಕದ ಟೆನ್ಷನ್ ಗುಂಡಿಯ ಬಗ್ಗೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಸೀಸ ಮೆಲ್ಲಗೆ ಇಳಿದು ನೆಲ ಮುಟ್ಟಿದಾಗ ಸ್ಪೂಲ್ ನಿಲ್ಲುವಷ್ಟು ಅದನ್ನು ಬಿಗಿಯಿರಿ ಎನ್ನುತ್ತಾರೆ. ಅದು ಹಗುರ ಮೋಸದೆರೆ ಎಸೆಯುವ ಸಣ್ಣ ಬೈಟ್‌ಕಾಸ್ಟಿಂಗ್ ರೀಲ್‌ಗಳ ಪದ್ಧತಿ. 150 ಗ್ರಾಂ ಸೀಸದ ರೀಲ್‌ನಲ್ಲಿ ಆ ಗುಂಡಿ ಬ್ರೇಕ್ ಅಲ್ಲ. ಸ್ಪೂಲನ್ನು ಬೆರಳಲ್ಲಿ ಎಡಬಲಕ್ಕೆ ಅಲುಗಿಸಿದರೆ ಕೂದಲೆಳೆಯಷ್ಟು ಆಟ ತಿಳಿಯಬೇಕು, ಅಷ್ಟಕ್ಕೆ ನಿಲ್ಲಿಸಿ. ಬಿಗಿದರೆ ಅಚ್ಚಿನ ತುದಿ ಸವೆಯುತ್ತದೆ, ಬಿಸಿಯಾಗುತ್ತದೆ, ಒಂದೊಂದು ಎಸೆತ ಒಂದೊಂದು ಥರ ಬೀಳುತ್ತದೆ.

ಗಾತ್ರ, ಗೇರ್, ಕಟ್ಟು

ಸ್ವೀಡನ್‌ನ ಅಬು ಕಂಪನಿಯ ಆಂಬಾಸಡರ್ ಸರಣಿಯಿಂದಾಗಿ 6500, 7000 ಎಂಬ ಅಂಕಿಗಳು ದಡದ ಗಾಳದವರ ಆಡುಮಾತಿನ ಅಳತೆಗಳೇ ಆಗಿಹೋಗಿವೆ. ಬೇರೆ ಕಂಪನಿಗಳು ಬೇರೆ ಅಂಕಿ ಬಳಸುತ್ತವೆ, ಪೆನ್ 525 ಮ್ಯಾಗ್, ಡೈವಾ 7ಎಚ್‌ಟಿ ಮ್ಯಾಗ್ ಇದ್ದ ಹಾಗೆ. ಹಾಗಾಗಿ ಹೆಸರು ನೋಡದೆ ಎಷ್ಟು ಲೈನ್ ಹಿಡಿಯುತ್ತದೆ ಎಂದು ನೋಡಿ. 0.35 ಮಿ.ಮೀ. ಲೈನ್ 250 ಮೀಟರ್ ಆಸುಪಾಸು ಹಿಡಿಯುವುದು ನಿಮ್ಮ ಸೀಸಕ್ಕೆ ಸರಿಯಾದ ಗಾತ್ರ. ಅದಕ್ಕಿಂತ ದೊಡ್ಡದು 0.40-0.45 ಲೈನ್, ಬಂಡೆಯ ದಡ, ಭಾರಿ ಮೀನು ಇರುವಲ್ಲಿ ಮಾತ್ರ. ಇರಲಿ ಅಂತ ದೊಡ್ಡದು ಕೊಂಡರೆ ಹೆಚ್ಚು ಲೈನ್, ಹೆಚ್ಚು ತೂಕ, ತಡೆಯಲು ಹೆಚ್ಚು ಕಷ್ಟ.

ನಿಮಗೆ ಸಿಗುತ್ತಿರುವ ದೋಣಿಯ ಲಿವರ್ ಡ್ರ್ಯಾಗ್ ರೀಲ್ ಬೇಡ ಅನ್ನಲು ಕಾರಣ ಇದೇ. ಎಸೆತಕ್ಕೆಂದೇ ಮಾಡಿದ ಲಿವರ್ ಡ್ರ್ಯಾಗ್‌ಗಳು ಕೆಲವಿವೆ. ಆದರೆ ದೋಣಿಯದು ಸೀಸವನ್ನು ನೇರ ಕೆಳಗಿಳಿಸಲು ಮಾಡಿದ ಯಂತ್ರ. ಸ್ಪೂಲ್ ಭಾರ, ಎಸೆತದ ಬ್ರೇಕ್ ಸಾಮಾನ್ಯವಾಗಿ ಇರುವುದೇ ಇಲ್ಲ. ಅರ್ಧ ಬೆಲೆಗೆ ಪೂರ್ತಿ ಸಿಕ್ಕು. ದಡಕ್ಕೆ ನಕ್ಷತ್ರಾಕಾರದ ಚಕ್ರವಿರುವ ಸ್ಟಾರ್ ಡ್ರ್ಯಾಗ್ ಸಾಕು.

ಗೇರ್ ಅನುಪಾತದ ಅಂಕಿ ಒಂಟಿಯಾಗಿ ಏನೂ ಹೇಳುವುದಿಲ್ಲ, ಸ್ಪೂಲಿನ ವ್ಯಾಸದ ಜೊತೆ ಗುಣಿಸಬೇಕು. 5.3:1 ಗೇರ್ (ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಸ್ಪೂಲ್ 5.3 ಸುತ್ತು), 40 ಮಿ.ಮೀ. ವ್ಯಾಸ ಇದ್ದರೆ ಹ್ಯಾಂಡಲಿನ ಒಂದು ಸುತ್ತಿಗೆ 67 ಸೆಂ.ಮೀ. ಲೈನ್ ಬರುತ್ತದೆ. ಎಸೆದ ಮೇಲೆ ಸ್ಪೂಲ್ ಖಾಲಿಯಾಗಿ ವ್ಯಾಸ 30ಕ್ಕೆ ಇಳಿದಿದ್ದರೆ ಅದೇ ಸುತ್ತಿಗೆ 50 ಸೆಂ.ಮೀ. ಮಾತ್ರ. 65 ಮಿ.ಮೀ. ಸ್ಪೂಲಿನ 4.1:1 ಸ್ಪಿನ್ನಿಂಗ್ ರೀಲ್ 84 ಸೆಂ.ಮೀ. ಎಳೆಯುತ್ತದೆ. ಅಂದರೆ ಮಲ್ಟಿಪ್ಲೈಯರ್ ನಿಮಗೆ ನಿಧಾನ ಅನ್ನಿಸಲಿದೆ. ತಳದಲ್ಲಿ ಬಂಡೆ ಇದ್ದರೆ 6:1ರ ಸುತ್ತಮುತ್ತಲಿನ ವೇಗದ ಗೇರ್ ಸೀಸವನ್ನು ಬೇಗ ಮೇಲೆತ್ತಿ ಸಿಕ್ಕಿಕೊಳ್ಳದಂತೆ ತರುತ್ತದೆ. ಬರೀ ಮರಳು, ಭಾರದ ಮೀನು ಎಂದರೆ 5ರ ಆಸುಪಾಸು ಕೈಗೆ ಹಗುರ.

ಲೆವೆಲ್ ವೈಂಡ್ ಲೈನನ್ನು ತಾನೇ ಸಮವಾಗಿ ಹರಡುತ್ತದೆ, ಹೊಸಬರಿಗೆ ಅದೊಂದು ಸಮಾಧಾನ. ಆದರೆ ಲೀಡರ್ ಗಂಟು ಅದರ ಕಿಂಡಿಯಲ್ಲಿ ಬಡಿದುಕೊಂಡು ಹೋಗಬೇಕು. ಅದರ ತಿರುಪು ಕಂಬಿ, ಹಲ್ಲು ಎರಡೂ ಮರಳಿಗೆ ಬೇಗ ಬಲಿ. ದಡಕ್ಕೆ ನಾನು ಇಲ್ಲದ್ದನ್ನೇ ಹೇಳುತ್ತೇನೆ. ಎಡ ಹೆಬ್ಬೆರಳಲ್ಲಿ ಲೈನನ್ನು ಅತ್ತಿತ್ತ ಸರಿಸುತ್ತ ಸುತ್ತುವುದು ಎರಡು ದಿನದ ಅಭ್ಯಾಸ. ನಡುವೆ ಗುಡ್ಡೆ ಕಟ್ಟದಂತೆ ನೋಡಿಕೊಂಡರಾಯಿತು.

ರೀಲಿನ ಕಟ್ಟು (ಫ್ರೇಮ್) ಒಂದೇ ಅಲ್ಯೂಮಿನಿಯಂ ತುಂಡಿನದಾಗಿರಲಿ. ಒತ್ತಡಕ್ಕೆ ಬಾಗುವ ಕಟ್ಟಿನಲ್ಲಿ ಗೇರ್‌ಗಳ ಹಲ್ಲು ಸರಿಯಾಗಿ ಕೂರುವುದಿಲ್ಲ. ಸ್ಪೂಲಿನ ಅಂಚಿಗೂ ಕಟ್ಟಿಗೂ ನಡುವಿನ ಸಂದನ್ನು ಬೆಳಕಿಗೆ ಹಿಡಿದು ನೋಡಿ. ತೆಳು ಲೈನ್ ನುಸುಳುವಷ್ಟಿದ್ದರೆ ಒಂದು ದಿನ ಅದು ಸ್ಪೂಲಿನ ಹಿಂದೆ ಸೇರಿಕೊಳ್ಳುತ್ತದೆ.

ಎಡಗೈ ಹ್ಯಾಂಡಲಿನ ಮಾದರಿಗಳಿವೆ, ಆಯ್ಕೆ ಕಡಿಮೆ. ನೀವು ಎಸೆಯುವುದು ಬಲಗೈ ಮೇಲಿಟ್ಟೇ ಆದರೆ ಸ್ಪೂಲ್ ಒತ್ತಿಹಿಡಿಯುವುದು ಬಲ ಹೆಬ್ಬೆರಳು. ಎಸೆದ ಮೇಲೆ ಎಡಗೈಗೆ ರಾಡ್ ಕೊಟ್ಟು ಬಲಗೈಯಲ್ಲಿ ಸುತ್ತುವುದು ಮೊದಲ ವಾರ ಮುಜುಗರ, ಆಮೇಲೆ ಮರೆತೇ ಹೋಗುತ್ತದೆ. ಎಡಗೈಯದೇ ಬೇಕೆಂದು ಕಳಪೆ ರೀಲಿಗೆ ಒಪ್ಪಬೇಡಿ.

ರಾಡ್ ಒಪ್ಪುತ್ತದೆಯೇ

ಇದನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಸ್ಪಿನ್ನಿಂಗ್ ರಾಡಿನಲ್ಲಿ ಉಂಗುರಗಳು ದೊಡ್ಡವು, ಸಂಖ್ಯೆ ಕಡಿಮೆ, ರೀಲ್ ಕೆಳಗೆ ನೇತಾಡುತ್ತದೆ. ಮಲ್ಟಿಪ್ಲೈಯರ್ ಮೇಲೆ ಕೂರುತ್ತದೆ, ಅದರ ರಾಡಿಗೆ ಸಣ್ಣ ಉಂಗುರಗಳು ಹೆಚ್ಚು ಬೇಕು. ಕೊಳ್ಳುವ ಮೊದಲು ಯಾರದ್ದಾದರೂ ಮಲ್ಟಿಪ್ಲೈಯರನ್ನು ನಿಮ್ಮ ರಾಡಿಗೆ ಕಟ್ಟಿ, ಲೈನ್ ಪೋಣಿಸಿ, ಇನ್ನೊಬ್ಬರಿಗೆ ತುದಿ ಕೊಟ್ಟು ರಾಡ್ ಬಾಗುವವರೆಗೆ ಎಳೆಸಿ. ಎರಡು ಉಂಗುರಗಳ ನಡುವೆ ಲೈನ್ ಕೋಲಿಗೆ ತಾಗುತ್ತಿದ್ದರೆ ಆ ರಾಡ್‌ಗೆ ಉಂಗುರ ಸೇರಿಸಬೇಕು, ಇಲ್ಲವೇ ರಾಡ್ ಬೇರೆ ಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ತೀರ್ಮಾನಿಸಿ.

ತಂದ ಮೇಲೆ

ಕಲಿಯುವಾಗ ನೈಲಾನ್ ಹಾಕಿ, ಬ್ರೇಡ್ (ಎಳೆಗಳನ್ನು ಹೆಣೆದ ಲೈನ್) ಬೇಡ. ಬ್ರೇಡ್ ಸುತ್ತುಗಳ ನಡುವೆ ಹೂತುಕೊಳ್ಳುತ್ತದೆ, ಅದರ ಸಿಕ್ಕು ಬಿಡಿಸಲಾಗದು, ಬೆರಳನ್ನೂ ಕೊಯ್ಯುತ್ತದೆ. ಸ್ಪೂಲಿನ ಅಂಚಿಗೆ 2-3 ಮಿ.ಮೀ. ಬಿಟ್ಟು, ಒತ್ತಿ ಬಿಗಿಯಾಗಿ ಸುತ್ತಿ. ಸಡಿಲ ಸುತ್ತು ಅರ್ಧ ಸಿಕ್ಕಾದ ಹಾಗೆಯೇ.

ಶಾಕ್ ಲೀಡರ್ ಬಿಡುವಂತೆಯೇ ಇಲ್ಲ. ಪ್ರತಿ ಒಂದು ಔನ್ಸ್, ಅಂದರೆ 28 ಗ್ರಾಂ ಸೀಸಕ್ಕೆ 10 ಪೌಂಡ್ ಬಲ ಎಂಬುದು ರೂಢಿಯ ಲೆಕ್ಕ. 150 ಗ್ರಾಂಗೆ ಸುಮಾರು 24 ಕಿಲೋ, ನೈಲಾನ್‌ನಲ್ಲಿ 0.70 ಮಿ.ಮೀ. ಅಥವಾ ಅದಕ್ಕಿಂತ ದಪ್ಪ. ಸೀಸ ಎಸೆಯಲು ನೇತಾಡುವಾಗಲೂ ಸ್ಪೂಲಿನ ಮೇಲೆ ಆರೇಳು ಸುತ್ತು ಲೀಡರ್ ಇರುವಷ್ಟು ಉದ್ದ ಬೇಕು. ಗಂಟು ಸ್ಪೂಲಿನ ಒಂದು ಪಕ್ಕಕ್ಕೆ, ಹೆಬ್ಬೆರಳು ಕೂರದ ಕಡೆ ಬರುವಂತೆ ಸುತ್ತಿ. ಗಂಟು ಬೆರಳಡಿ ಹಾದರೆ ಚರ್ಮ ಸೀಳುತ್ತದೆ. ಲೀಡರ್ ಇಲ್ಲದೆ ಲೈನ್ ಹರಿದರೆ 150 ಗ್ರಾಂ ಸೀಸ ಗುಂಡಿನ ಹಾಗೆ ಹಾರುತ್ತದೆ, ದಡದಲ್ಲಿ ನಿಂತವರ ಜೀವಕ್ಕೇ ಅಪಾಯ.

ಮೊದಲ ದಿನ ಎರೆ ಬೇಡ, ಬರೀ 150 ಗ್ರಾಂ ಸೀಸ. ಎದುರು ಜನರಿಲ್ಲದ ಜಾಗ, ಹಗಲು, ಗಾಳಿ ಬೆನ್ನಿಗೆ. ಮ್ಯಾಗ್ನೆಟ್ ಪೂರ್ತಿ ಏರಿಸಿ, ತಲೆಯ ಮೇಲಿಂದ ಅರೆಬಲದಲ್ಲಿ ನಿಧಾನ ಶುರುಮಾಡಿ, ವೇಗ ಏರಿಸುತ್ತ ಎಸೆಯಿರಿ; ಝಾಡಿಸುವುದು ಬೇಡ. ಹೆಬ್ಬೆರಳು ಒಣಗಿರಲಿ, ಒದ್ದೆ ಸ್ಪೂಲ್ ಬೆರಳಡಿ ಜಾರಿದರೆ ಚರ್ಮ ಸುಡುತ್ತದೆ. ಒಂದು ತುಂಡು ಸೈಕಲ್ ಟ್ಯೂಬನ್ನು ಬೆರಳಿಗೆ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಸೀಸ ಹಾರುತ್ತಿರುವಾಗ ಸ್ಪೂಲ್ ನೋಡಿ. ಲೈನ್ ಚಪ್ಪಟೆಯಾಗಿ ಮಲಗಿದ್ದರೆ ಮುಂದಿನ ಎಸೆತಕ್ಕೆ ಒಂದು ಮೆಟ್ಟಿಲು ಇಳಿಸಿ. ಸುರುಳಿಗಳು ಎದ್ದು ನಡುಗತೊಡಗಿದರೆ ಒಂದು ಮೆಟ್ಟಿಲು ಏರಿಸಿ, ಅಂದಿಗೆ ಅಲ್ಲೇ ನಿಲ್ಲಿಸಿ. ಎರೆ ಕಟ್ಟಿದ ದಿನ ಮತ್ತೆ ಒಂದೆರಡು ಮೆಟ್ಟಿಲು ಏರಿಸಿಯೇ ಶುರುಮಾಡಿ. ಸೀಸ ನೀರು ಮುಟ್ಟುವ ಮುನ್ನ ಹೆಬ್ಬೆರಳು ಸ್ಪೂಲಿನ ಮೇಲೆ ಬಂದಿರಬೇಕು.

ಬ್ರೇಕ್ ಸಾಲದೆ ಬಂದರೆ ಸ್ಪೂಲಿನ ಬೇರಿಂಗ್‌ಗೆ ದಪ್ಪ ಎಣ್ಣೆಯ ಒಂದು ಹನಿ ಹಾಕಿದರೆ ವೇಗ ತಗ್ಗುತ್ತದೆ. ತೆಳು ಎಣ್ಣೆ ವೇಗ ಹೆಚ್ಚಿಸುತ್ತದೆ. ಗ್ರೀಸ್ ಗೇರಿಗೆ ಮಾತ್ರ.

ಸಿಕ್ಕಾಯಿತು ಅನ್ನಿ. ಎಳೆದಾಡಬೇಡಿ, ಚಾಕು ತೆಗೆಯಬೇಡಿ. ಡ್ರ್ಯಾಗ್ ಬಿಗಿದು, ಹೆಬ್ಬೆರಳನ್ನು ಸ್ಪೂಲಿನ ಮೇಲೆ ಒತ್ತಿ ಹ್ಯಾಂಡಲನ್ನು ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ಕ್ಲಚ್ (ಸ್ಪೂಲನ್ನು ಗೇರಿನ ಹಿಡಿತದಿಂದ ಬಿಡಿಸುವ ಸಾಧನ) ಬಿಟ್ಟು ಮೆಲ್ಲಗೆ ಲೈನ್ ಎಳೆಯಿರಿ. ಹಲವು ಸಲ ಸುರುಳಿಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಉಳಿದದ್ದನ್ನು ಬೆರಳಲ್ಲಿ ಒಂದೊಂದಾಗಿ ಎತ್ತಿ. ಮಡಿಚಿದ ಗುರುತು ಬಿದ್ದ ಭಾಗ ಮುಂದಿನ ಎಸೆತದಲ್ಲಿ ಹರಿಯುತ್ತದೆ, ಅಲ್ಲಿಯವರೆಗೆ ಕತ್ತರಿಸಿ ಎಸೆಯಿರಿ.

ಹಳೆಯದನ್ನೇ ಕೊಳ್ಳುವುದಾದರೆ ಪಕ್ಕದ ತಟ್ಟೆ ಬಿಚ್ಚಿಸಿ ನೋಡಿ. ಬೇರಿಂಗ್ ಬಳಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ಉಪ್ಪು ಒಳಗೆ ಹೊಕ್ಕಿದೆ. ಸ್ಪೂಲಿನ ಅಂಚಿಗೆ ಹತ್ತಿ ಸವರಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರಿದೆ, ಲೈನ್ ಕೊಯ್ಯುತ್ತದೆ. ಕ್ಲಚ್ ಬಿಟ್ಟು, ಲೈನ್ ಇಲ್ಲದ ರಾಡಿಗೆ ರೀಲ್ ಕಟ್ಟಿ ಜೋರಾಗಿ ಬೀಸಿ. ಹ್ಯಾಂಡಲ್ ತಾನೇ ತಿರುಗಿ ಗೇರ್ ಹಿಡಿದರೆ ಆ ರೀಲ್ ಅಲ್ಲೇ ಬಿಟ್ಟುಬನ್ನಿ. ಎಸೆತದ ನಡುವೆ ಹಾಗಾದರೆ ಲೀಡರ್ ಕೂಡ ಉಳಿಯುವುದಿಲ್ಲ.

ದಡದಿಂದ ಬಂದ ಮೇಲೆ ರೀಲನ್ನು ನಲ್ಲಿಯ ಧಾರೆಗೆ ಹಿಡಿಯಬೇಡಿ, ನೀರಿನ ರಭಸ ಉಪ್ಪನ್ನು ಬೇರಿಂಗ್‌ಗೇ ತಳ್ಳುತ್ತದೆ. ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಸ್ಟಾರ್ ಡ್ರ್ಯಾಗ್ ಸಡಿಲಿಸಿ ಇಡಿ. ಸ್ಪಿನ್ನಿಂಗ್ ರೀಲನ್ನು ಮಾರಬೇಡಿ. ಎದುರು ಗಾಳಿಯ ರಾತ್ರಿಗಳಲ್ಲಿ, ಹಗುರ ಸೀಸದ ದಿನಗಳಲ್ಲಿ ಕೈಗೆ ಅದೇ ಬರುತ್ತದೆ.